ಹೊರಡುವ ಮುನ್ನ ಐದು ವಾರದ ತಿಂಡಿ

ಪ್ರಶ್ನೆ: ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ನನ್ನ ಸ್ನಾತಕೋತ್ತರ ಓದು ಮುಗಿಯುತ್ತಾ ಬಂದಿದೆ. ಪ್ರಬಂಧವನ್ನು ಒಪ್ಪಿಸಿದ್ದಾಗಿದೆ, ಸೆಪ್ಟೆಂಬರ್ 30ಕ್ಕೆ ಹಾಸ್ಟೆಲ್ ಕೋಣೆಯನ್ನು ಖಾಲಿ ಮಾಡಿ ಊರಿಗೆ ಹೊರಡಬೇಕು. ಎರಡು ವರ್ಷ ಬೆಳಿಗ್ಗೆ ಎದ್ದವಳೇ ಬ್ರೆಡ್ಡಿಗೆ ಜ್ಯಾಮ್ ಸವರಿಕೊಂಡು ತರಗತಿಗೆ ಓಡಿದ್ದೇ ಆಯಿತು. ಈಗ ಐದು ವಾರ ಬಿಡುವಿದೆ, ದಿನಕ್ಕೊಂದು ಸರಳ ತಿಂಡಿ ಮಾಡಿ ನೋಡುವ ಆಸೆಯಿದೆ. ಆದರೆ ಇಲ್ಲಿನ ರವೆಯಲ್ಲಿ ಉಪ್ಪಿಟ್ಟು ಮಾಡಿದರೆ ಪ್ರತಿ ಸಲವೂ ಗೋಂದಿನಂತಾಗುತ್ತದೆ, ಇಡ್ಲಿ ಹಿಟ್ಟು ಎರಡು ದಿನವಾದರೂ ಉಬ್ಬುವುದಿಲ್ಲ. ಕಪಾಟಿನಲ್ಲಿ ಅರ್ಧ ಕಿಲೋ ತೂಕದ ಎರಡು ಪೊಟ್ಟಣ ರವೆ, ಒಂದು ಕಿಲೋ ಓಟ್ಸ್, ಮುಕ್ಕಾಲು ಕಿಲೋ ಉದ್ದಿನಬೇಳೆ ಮತ್ತು ಒಂದು ಪೊಟ್ಟಣ ತೆಳು ಅವಲಕ್ಕಿ ಉಳಿದಿವೆ. ಏನನ್ನೂ ಎಸೆಯದೆ ಇವನ್ನು ಮುಗಿಸುವ ದಾರಿ ಹೇಳುವಿರಾ?
(ವಿದ್ಯಾರ್ಥಿನಿ, ಟ್ಯೂಬಿಂಗೆನ್)

ಉತ್ತರ: ಉಪ್ಪಿಟ್ಟು ಕೆಟ್ಟದ್ದು ನಿಮ್ಮ ಕೈಯಿಂದಲ್ಲ, ಪೊಟ್ಟಣದಿಂದ. ಆದ್ದರಿಂದ ಮೊದಲು ಕಪಾಟಿನ ಬಾಗಿಲು ತೆಗೆದು ಆ ಎರಡು ಪೊಟ್ಟಣಗಳ ಮೇಲೆ ಏನು ಬರೆದಿದೆಯೆಂದು ಓದಿ. ಜರ್ಮನಿಯ ಅಂಗಡಿಗಳಲ್ಲಿ ಗೋಧಿ ರವೆ ಎರಡು ಬಗೆಯಲ್ಲಿ ಸಿಗುತ್ತದೆ: ವೈಖ್‌ವೈತ್ಸೆನ್‌ಗ್ರೀಸ್ ಎಂದರೆ ಮೆದು ಗೋಧಿಯ ರವೆ, ಹಾರ್ಟ್‌ವೈತ್ಸೆನ್‌ಗ್ರೀಸ್ ಎಂದರೆ ಗಟ್ಟಿ ಗೋಧಿಯ, ಅಂದರೆ ಡ್ಯೂರಮ್ ಗೋಧಿಯ ರವೆ. ಮೊದಲನೆಯದು ಬೆಳ್ಳಗಿದ್ದು ಅಂಗೈಯಲ್ಲಿ ಉಜ್ಜಿದರೆ ಹಿಟ್ಟಿನಂತೆ ಮೆತ್ತುತ್ತದೆ. ಅಲ್ಲಿನವರು ಅದನ್ನು ಹಾಲಿನಲ್ಲಿ ಬೇಯಿಸಿ ಮಕ್ಕಳಿಗೆ ಉಣಿಸುವ ಗ್ರೀಸ್‌ಬ್ರೈ ಎಂಬ ಸಿಹಿ ಗಂಜಿಗೆ ಬಳಸುತ್ತಾರೆ. ಆ ಗಂಜಿ ನುಣ್ಣಗೆ ಒಂದಾಗಿ ಹೊಂದಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಎರಡನೆಯದು ತಿಳಿ ಹಳದಿ ಬಣ್ಣದ್ದು, ಬೆಳಕಿಗೆ ಹಿಡಿದರೆ ಕಾಳು ಕಾಳೂ ಗಾಜಿನ ಚೂರಿನಂತೆ ಮಿನುಗುತ್ತದೆ. ನಮ್ಮಲ್ಲಿ ಬನ್ಸಿ ರವೆ ಎಂದು ಮಾರುವುದೂ ಗಟ್ಟಿ ಗೋಧಿಯದೇ. ನೀವು ಇಷ್ಟು ದಿನ ಗಂಜಿಯ ರವೆಯಿಂದ ಉಪ್ಪಿಟ್ಟನ್ನು ಬಯಸಿದ್ದೀರಿ ಎಂದು ನನ್ನ ಊಹೆ.

ಶ್ಟುಟ್‌ಗಾರ್ಟ್‌ನಲ್ಲಿ ನಾನು ಓದುತ್ತಿದ್ದಾಗ ಮೊದಲ ಚಳಿಗಾಲವಿಡೀ ಇದೇ ತಪ್ಪು ಮಾಡಿದ್ದೆ. ನೀರು ಹೆಚ್ಚಾಯಿತೆಂದು ಕಡಿಮೆ ಮಾಡಿದೆ, ಹುರಿದದ್ದು ಸಾಲದೆಂದು ಇನ್ನಷ್ಟು ಹುರಿದೆ, ಒಮ್ಮೆ ಎಣ್ಣೆಯನ್ನೂ ದುಪ್ಪಟ್ಟು ಸುರಿದೆ. ಬಾಣಲೆಯಲ್ಲಿ ಉಳಿದದ್ದು ಮಾತ್ರ ಅದೇ ಮುದ್ದೆ. ಅಮ್ಮನಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ರವೆ ಹುರಿಯುವಾಗ ಸದ್ದು ಬರುತ್ತದೆಯೇ?" ಬರುತ್ತಿರಲಿಲ್ಲ. ಒಳ್ಳೆಯ ಉಪ್ಪಿಟ್ಟಿನ ರವೆ ಬಾಣಲೆಯಲ್ಲಿ ಕಾದಂತೆ ಮರಳಿನ ಹಾಗೆ ಹರಿಯತೊಡಗುತ್ತದೆ, ಸವುಟು ಆಡಿಸಿದಾಗ ಸರಸರ ಸದ್ದು ಮಾಡುತ್ತದೆ, ಆಮೇಲಷ್ಟೇ ಪರಿಮಳ ಏಳುತ್ತದೆ. ಮೆದು ಗೋಧಿಯ ನುಣುಪು ರವೆ ಹಾಗೆ ಹರಿಯುವುದಿಲ್ಲ, ತಳದಲ್ಲಿ ಒತ್ತರಿಸಿಕೊಂಡು ಕಂದುತ್ತದೆ. ಆ ಸದ್ದಿನ ಗುರುತು ಸಿಕ್ಕ ಮೇಲೆ ಪೊಟ್ಟಣದ ಭಾಷೆ ಯಾವುದಾದರೂ ನನಗೆ ತೊಂದರೆಯಾಗಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ, ಏಕೆಂದರೆ ನಿಮ್ಮ ಪ್ರಶ್ನೆಯ ನಿಜವಾದ ಗಂಟು ಇಲ್ಲಿದೆ. ನಿಮ್ಮ ಕೈಯಲ್ಲಿರುವುದು 35 ಬೆಳಗು. ಒಬ್ಬರ ತಿಂಡಿಗೆ 50 ಗ್ರಾಂ ಓಟ್ಸ್ ಸಾಕು, ಒಂದು ಕಿಲೋ ಎಂದರೆ 20 ಬೆಳಗು. ಒಬ್ಬರ ಉಪ್ಪಿಟ್ಟಿಗೆ 70ರಿಂದ 80 ಗ್ರಾಂ ರವೆ ಬೇಕು, ಎರಡು ಪೊಟ್ಟಣ ಸೇರಿ 12ರಿಂದ 14 ಬೆಳಗಿಗೆ ಆಗುತ್ತದೆ. ಅವಲಕ್ಕಿ ಕೊನೆಯ ಎರಡು ಮೂರು ದಿನಕ್ಕೆ. ಅಂದರೆ ನೀವು ಹೊರಡುವ ದಿನದವರೆಗಿನ ತಿಂಡಿ ಈಗಾಗಲೇ ಕಪಾಟಿನಲ್ಲಿದೆ, ಅದರಲ್ಲಿ ದೊಡ್ಡ ಪಾಲು ಓಟ್ಸಿನದು. ನಿಮ್ಮ ಪ್ರಯೋಗವೆಲ್ಲ ಓಟ್ಸಿನ ಸುತ್ತ ನಡೆಯಬೇಕು, ರವೆ ನಡುನಡುವೆ ಬರಬೇಕು. ಹೊರಡುವ ಹೊತ್ತಿಗೆ ಹೊಸ ಹೊಸ ಪದಾರ್ಥ ತಂದು ರಾಶಿ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಮೊಸರು, ಈರುಳ್ಳಿ, ಶುಂಠಿ, ನಿಂಬೆ, ಸೇಬು ಇಷ್ಟನ್ನು ವಾರಕ್ಕೊಮ್ಮೆ ತನ್ನಿ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆಂಬುದು ಎರಡು ವರ್ಷ ಇದ್ದ ನಿಮಗೆ ಹೇಳಬೇಕಾದ್ದಲ್ಲ, ಆದರೂ ಶನಿವಾರ ಸಂಜೆ ಮೊಸರಿನ ಡಬ್ಬಿಯನ್ನೊಮ್ಮೆ ನೋಡಿಕೊಳ್ಳಿ.

ಓಟ್ಸ್ ಉಪ್ಪಿಟ್ಟು ಚೆನ್ನಾಗಿ ಬರಬೇಕಾದರೆ ಪೊಟ್ಟಣದ ಮೇಲೆ ಕೆರ್ನಿಗ್ ಎಂಬ ಪದವಿರಬೇಕು. ಅದು ಇಡಿಯ ಕಾಳನ್ನು ಹಬೆಗೆ ಹಿಡಿದು ಒತ್ತಿ ಮಾಡಿದ್ದು. ತ್ಸಾರ್ಟ್ ಎಂದಿದ್ದರೆ ಕಾಳನ್ನು ಕತ್ತರಿಸಿ ಒತ್ತಿದ ಸಣ್ಣ ಪದರ, ಅದು ನೀರು ಕಂಡೊಡನೆ ಕರಗುತ್ತದೆ. ಕೆರ್ನಿಗ್ ಓಟ್ಸನ್ನು ಒಣ ಬಾಣಲೆಯಲ್ಲಿ ಐದು ನಿಮಿಷ ಹುರಿದು ತಟ್ಟೆಗೆ ಸುರಿದುಕೊಳ್ಳಿ. ಒಗ್ಗರಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಶುಂಠಿ, ಈರುಳ್ಳಿ ಬಾಡಿದ ಮೇಲೆ ಒಂದು ಲೋಟ ಓಟ್ಸಿಗೆ ಒಂದು ಲೋಟ ನೀರು, ಹೆಚ್ಚೆಂದರೆ ಒಂದೂಕಾಲು. ರವೆಯ ಅಳತೆಯಲ್ಲಿ ನೀರು ಹಾಕಿದರೆ ಅದು ಅಂಬಲಿಯೇ ಆಗುತ್ತದೆ. ನೀರು ಕುದಿಯುವಾಗ ಓಟ್ಸ್ ಹಾಕಿ, ಎರಡು ಸಲ ಮಾತ್ರ ತಿರುವಿ ಮುಚ್ಚಿ. ಮತ್ತೆ ಮತ್ತೆ ಕೈಯಾಡಿಸಿದಷ್ಟೂ ಅದು ಲೋಳೆ ಬಿಡುತ್ತದೆ.

ಒಲೆಯ ವಿಷಯದಲ್ಲೂ ಒಂದು ಮಾತು. ಹಾಸ್ಟೆಲ್ಲುಗಳ ಹಳೆಯ ವಿದ್ಯುತ್ ಒಲೆಯ ಕಬ್ಬಿಣದ ಫಲಕ ಕಾಯಲು ತಡಮಾಡುತ್ತದೆ, ಆರಲು ಇನ್ನೂ ತಡಮಾಡುತ್ತದೆ. ಸಾಸಿವೆ ಸಿಡಿಯತೊಡಗಿದಾಗ ಗುಂಡಿ ತಿರುಗಿಸಿದರೆ ಉರಿ ಇಳಿಯುವುದಿಲ್ಲ. ಉದ್ದಿನಬೇಳೆ ಕಪ್ಪಾಗುತ್ತದೆ, ಒಣಮೆಣಸಿನಕಾಯಿಯ ಘಾಟಿಗೆ ಹೊಗೆಯ ಗಂಟೆ ಹೊಡೆದು ಮಲಗಿದವರೆಲ್ಲ ಎದ್ದು ಬರುತ್ತಾರೆ. ಆದ್ದರಿಂದ ಬಾಣಲೆಯನ್ನೇ ಪಕ್ಕದ ತಣ್ಣನೆಯ ಫಲಕಕ್ಕೆ ಸರಿಸಿ, ಅಲ್ಲಿ ಈರುಳ್ಳಿ ಹಾಕಿ, ಮತ್ತೆ ಮೊದಲಿನ ಜಾಗಕ್ಕೆ ತನ್ನಿ. ಅದೇ ಫಲಕದ ಉಳಿದ ಕಾವು ಕೊನೆಯಲ್ಲಿ ನಿಮ್ಮ ನೆರವಿಗೆ ಬರುತ್ತದೆ: ಉಪ್ಪಿಟ್ಟಿಗೆ ಮುಚ್ಚಳ ಹಾಕಿ ಒಲೆ ಆರಿಸಿಬಿಡಿ, ನಾಲ್ಕೈದು ನಿಮಿಷದಲ್ಲಿ ಅದು ತಾನಾಗಿ ಅರಳಿರುತ್ತದೆ.

ಬೇಯಿಸುವ ಮನಸ್ಸಿಲ್ಲದ ದಿನಕ್ಕೆ ಮೊಸರವಲಕ್ಕಿಯ ರೀತಿಯಲ್ಲಿ ಓಟ್ಸ್ ನೆನೆಸಿಡಿ. ತಣ್ಣನೆಯ ಓಟ್ಸ್ ಎಂದರೆ ನಮ್ಮವರು ಮುಖ ಕಿವುಚುತ್ತಾರೆ, ಆದರೆ ಅದರ ಮೂಲವನ್ನು ನೋಡಿದರೆ ನಮ್ಮ ನಾಲಿಗೆಗೆ ಅದು ದೂರದ್ದಲ್ಲ. ಜ್ಯೂರಿಕ್‌ನಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಸ್ವಿಸ್ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಖರ್ ಬೆನ್ನರ್ ಅವರು 1900ರ ಸುಮಾರಿಗೆ ತಮ್ಮ ರೋಗಿಗಳಿಗೆ ಕೊಡತೊಡಗಿದ ಮ್ಯೂಸ್ಲಿಯಲ್ಲಿ ಓಟ್ಸ್ ಇದ್ದದ್ದು ಒಂದೇ ಚಮಚ. ಅದನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಒಂದು ದೊಡ್ಡ ಸೇಬನ್ನು ಸಿಪ್ಪೆ ಸಮೇತ ತುರಿದು, ನಿಂಬೆರಸ, ಗಟ್ಟಿ ಹಾಲು ಮತ್ತು ಪುಡಿ ಮಾಡಿದ ಬೀಜಗಳನ್ನು ಬೆರೆಸುತ್ತಿದ್ದರು. ಅದು ಹೆಚ್ಚೂ ಕಡಿಮೆ ಸೇಬಿನ ತಿಂಡಿ, ಓಟ್ಸ್ ಅದರ ಜೊತೆಗೆ ಇದ್ದದ್ದು. ನೀವು ರಾತ್ರಿ ಅರ್ಧ ಲೋಟ ಓಟ್ಸನ್ನು ಮಜ್ಜಿಗೆಯಲ್ಲಿ ನೆನೆಸಿ ಫ್ರಿಜ್ಜಿನಲ್ಲಿಡಿ (ಅಂಗಡಿಯಲ್ಲಿ ಬುಟ್ಟರ್‌ಮಿಲ್ಖ್ ಎಂದು ಅರ್ಧ ಲೀಟರಿನ ಡಬ್ಬಿಯಲ್ಲೂ ಸಿಗುತ್ತದೆ). ಬೆಳಿಗ್ಗೆ ಒಂದು ದಿನ ತುರಿದ ಸೇಬು ಮತ್ತು ಬೆಲ್ಲ, ಇನ್ನೊಂದು ದಿನ ಉಪ್ಪು, ತುರಿದ ಸೌತೆಕಾಯಿ, ಸಾಸಿವೆ ಇಂಗಿನ ಒಗ್ಗರಣೆ. ಎರಡನೆಯದನ್ನು ಒಮ್ಮೆ ಉಂಡರೆ ಮೊದಲನೆಯದನ್ನು ನೀವು ಮರೆಯುವ ಸಾಧ್ಯತೆಯೇ ಹೆಚ್ಚು.

ಸೇಬಿಗಂತೂ ನೀವು ಸರಿಯಾದ ತಿಂಗಳಲ್ಲಿ, ಸರಿಯಾದ ಜಾಗದಲ್ಲಿದ್ದೀರಿ. ಟ್ಯೂಬಿಂಗೆನ್ ಸುತ್ತಮುತ್ತಲಿನ ಹುಲ್ಲುಗಾವಲುಗಳಲ್ಲಿ ಅಲ್ಲಲ್ಲಿ ನಿಂತ ಹಳೆಯ ಸೇಬು ಮತ್ತು ಪೇರ್ ಮರಗಳ ತೋಪುಗಳಿಗೆ ಸೆಪ್ಟೆಂಬರ್ ಸುಗ್ಗಿಯ ಕಾಲ. ಎಷ್ಟೋ ಊರುಗಳಲ್ಲಿ ಮಾಲೀಕರು ತಮಗೆ ಬೇಡವಾದ ಫಸಲಿನ ಮರಕ್ಕೆ ಹಳದಿ ಪಟ್ಟಿ ಕಟ್ಟುತ್ತಾರೆ. ಅಂಥ ಮರದಿಂದ ಮನೆಗೆ ಬೇಕಾದಷ್ಟು ಹಣ್ಣನ್ನು ಯಾರಾದರೂ ಕಿತ್ತುಕೊಳ್ಳಬಹುದು. ಪಟ್ಟಿಯಿಲ್ಲದ ಮರ ದಾರಿ ಬದಿಯಲ್ಲಿದ್ದರೂ ಬೇರೆಯವರದು, ಅದನ್ನು ಮುಟ್ಟಬೇಡಿ.

ಇಡ್ಲಿ ಹಿಟ್ಟಿನ ಬಗ್ಗೆ ಕೇಳಿದ್ದೀರಿ. ಹಿಟ್ಟನ್ನು ಉಬ್ಬಿಸುವುದು ಬೇಳೆ ಅಕ್ಕಿಗಳ ಜೊತೆಯಲ್ಲೇ ಬರುವ ಲ್ಯೂಕೋನೋಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು. ಅವಕ್ಕೆ 25ರಿಂದ 30 ಡಿಗ್ರಿ ಬೆಚ್ಚಗಿನ ಜಾಗ ಬೇಕು. 18 ಡಿಗ್ರಿಯ ಅಡುಗೆಮನೆಯಲ್ಲಿ ಅವು ನಿಧಾನವಾಗುತ್ತವೆ, ಉಬ್ಬುವ ಮೊದಲೇ ಹಿಟ್ಟಿಗೆ ಹಳಸಿದ ವಾಸನೆ ಬರುತ್ತದೆ. ಒವೆನ್ ಒಳಗಿನ ದೀಪವನ್ನು ಮಾತ್ರ ಹಾಕಿ ಪಾತ್ರೆಯನ್ನು ರಾತ್ರಿಯಿಡೀ ಒಳಗಿಟ್ಟರೆ ಹಳೆಯ ಮಾದರಿಯ ಬಲ್ಬಿನ ಶಾಖವೇ ಸಾಕಾಗುತ್ತದೆ. ಎಲ್‌ಇಡಿ ದೀಪವಾದರೆ ಬೆಚ್ಚಗಾಗುವುದಿಲ್ಲ, ಕೈಯಿಟ್ಟು ನೋಡಿ. ಆದರೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಹಂಚಿಕೊಂಡು ಬಳಸುವ ಅಡುಗೆಮನೆಯಲ್ಲಿ, ಹೊರಡುವ ತರಾತುರಿಯಲ್ಲಿ, ಹುದುಗಿನ ಇಡ್ಲಿಯ ಹಿಂದೆ ಬೀಳಬೇಡಿ. ರವೆ ಇಡ್ಲಿ ಮಾಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತಾರೆ. ಇಲ್ಲದ್ದಕ್ಕೆ ಪರದಾಡದೆ ಇರುವುದರಲ್ಲಿ ಹುಟ್ಟಿದ ತಿಂಡಿಯದು, ನಿಮ್ಮ ಪರಿಸ್ಥಿತಿಗೆ ಹೇಳಿ ಮಾಡಿಸಿದಂತಿದೆ. ಒಗ್ಗರಣೆಯಲ್ಲಿ ಹುರಿದ ಗಟ್ಟಿ ಗೋಧಿಯ ರವೆ ಒಂದು ಲೋಟ, ಮೊಸರು ಒಂದು ಲೋಟ, ಉಪ್ಪು, ಬೇಕಾದಷ್ಟು ನೀರು. ಇಪ್ಪತ್ತು ನಿಮಿಷ ನೆನೆದ ಮೇಲೆ ಕಾಲು ಚಮಚ ಅಡುಗೆ ಸೋಡಾ. ಸೋಡಾವನ್ನು ಅಲ್ಲಿ ನಾಟ್ರೋನ್ ಎಂಬ ಹೆಸರಿನಲ್ಲಿ ಸಣ್ಣ ಪೊಟ್ಟಣಗಳಲ್ಲಿ ಮಾರುತ್ತಾರೆ. ಇಡ್ಲಿ ತಟ್ಟೆ ಇಲ್ಲದಿದ್ದರೆ ಚಿಕ್ಕ ಬಟ್ಟಲುಗಳಿಗೆ ಎಣ್ಣೆ ಸವರಿ ಹಬೆಯಲ್ಲಿ ಹನ್ನೆರಡು ನಿಮಿಷ ಬೇಯಿಸಿದರಾಯಿತು.

ಮೊಸರಿನ ಬದಲು ಕ್ವಾರ್ಕ್ ಬಳಸಬಹುದೇ ಎಂದು ನಿಮಗೆ ಅನ್ನಿಸಬಹುದು. ಕ್ವಾರ್ಕ್ ನೀರು ಬಸಿದ ತಾಜಾ ಗಿಣ್ಣಿನಂಥದ್ದು, ಅದಕ್ಕೆ ಮೊಸರಿನ ಹುಳಿ ಕಡಿಮೆ, ಆದ್ದರಿಂದ ಸೋಡಾ ಅದರಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಬೇರೆ ಉಪಯೋಗವಿದೆ. ನಿಮ್ಮ ಮುಕ್ಕಾಲು ಕಿಲೋ ಉದ್ದಿನಬೇಳೆ ಒಗ್ಗರಣೆಯಿಂದಲೇ ಮುಗಿಯುವ ಮಾತಲ್ಲ. ಅರ್ಧದಷ್ಟನ್ನು ಕೆಂಪಗೆ ಹುರಿದು, ಒಣಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು, ಇಂಗು ಸೇರಿಸಿ ತರಿತರಿಯಾಗಿ ಚಟ್ನಿಪುಡಿ ಮಾಡಿಟ್ಟುಕೊಳ್ಳಿ. ಅಲ್ಲಿಯ ರೈ ಬ್ರೆಡ್ಡಿನ ದಪ್ಪ ಹೋಳಿಗೆ ಕ್ವಾರ್ಕ್ ಸವರಿ, ಮೇಲೆ ಈ ಪುಡಿಯನ್ನು ಉದುರಿಸಿ ತಿಂದು ನೋಡಿ. ಆ ಬ್ರೆಡ್ಡು ಹುಳಿ ಹಿಟ್ಟಿನದು, ನಮ್ಮ ದೋಸೆ ಹಿಟ್ಟನ್ನು ಹುಳಿಸುವ ಬಗೆಯ ಬ್ಯಾಕ್ಟೀರಿಯಾಗಳೇ ಅದನ್ನೂ ಹುಳಿಸುತ್ತವೆ. ಜ್ಯಾಮಿಗಿಂತ ಚಟ್ನಿಪುಡಿಗೇ ಅದು ಹೆಚ್ಚು ಒಗ್ಗುತ್ತದೆಂದು ನಾನು ನಂಬಿದ್ದೇನೆ. ಪುಡಿ ಮಿಕ್ಕರೆ ನಿಮ್ಮ ಜೊತೆಯವರಿಗೆ ಬಾಟಲಿಯಲ್ಲಿ ಹಾಕಿ ಕೊಡಿ.

ಈಗ ಉಳಿದದ್ದು ಮೆದು ಗೋಧಿಯ ರವೆ. ಒಂದು ಪೊಟ್ಟಣದಿಂದ ವಾರಕ್ಕೆರಡು ದಿನ ರವೆ ದೋಸೆ ಮಾಡಿ (405 ಎಂದು ನಮೂದಿಸಿದ ಬಿಳಿ ಹಿಟ್ಟು ನಮ್ಮ ಮೈದಾಕ್ಕೆ ಹತ್ತಿರ, ಅದನ್ನು ಸ್ವಲ್ಪ ಬೆರೆಸಬಹುದು), ಉಳಿದದ್ದರಲ್ಲಿ ಹಾಲು ಹಾಕಿ ಸಿಹಿ ಸಜ್ಜಿಗೆ ಮಾಡಿ. ಒಡೆಯದ ಎರಡನೆಯ ಪೊಟ್ಟಣವನ್ನು ಯಾರಿಗಾದರೂ ಕೊಟ್ಟು, ಅದರ ಬದಲು ಅರ್ಧ ಕಿಲೋ ಡಿಂಕಲ್ ರವೆಯನ್ನು ತನ್ನಿ. ಹೊಸದನ್ನು ಕೊಳ್ಳಬೇಡಿ ಎಂದು ಹೇಳಿದವಳು ನಾನೇ, ಆದರೆ ಇದೊಂದಕ್ಕೆ ಮಾತ್ರ ವಿನಾಯಿತಿ. ಡಿಂಕಲ್ ಎಂಬುದು ಹೊಟ್ಟು ಬಿಡದ ಹಳೆಯ ಗೋಧಿ. ನೀವಿರುವ ಶ್ವಾಬಿಯ ಸೀಮೆಯವರ ಮನೆಯ ಧಾನ್ಯವೆಂದರೆ ಅದೇ. ಅದರ ರವೆ ನೀರನ್ನು ಕಡಿಮೆ ಕುಡಿಯುತ್ತದೆ, ನನ್ನ ಅನುಭವದಲ್ಲಿ ಗಟ್ಟಿ ಗೋಧಿಯ ರವೆಗೆ ಮೂರು ಲೋಟ ನೀರು ಬೇಕಾದರೆ ಇದಕ್ಕೆ ಎರಡೇ ಸಾಕು. ಹುರಿಯುವಾಗ ಕಡಲೆಬೀಜದ ನೆನಪು ತರುವ ಪರಿಮಳ ಬರುತ್ತದೆ. ಅಷ್ಟು ದೂರ ಹೋಗಿ, ಎರಡು ವರ್ಷ ಇದ್ದು, ಆ ನೆಲದ ಧಾನ್ಯದಲ್ಲಿ ನಮ್ಮ ಉಪ್ಪಿಟ್ಟನ್ನು ಒಮ್ಮೆಯೂ ಮಾಡದೆ ಬರಬೇಡಿ ಎಂಬುದು ನನ್ನ ಹೃತ್ಪೂರ್ವಕ ಕೋರಿಕೆ. ಒಂದು ಬೆಳಿಗ್ಗೆ ಆ ಉಪ್ಪಿಟ್ಟನ್ನು ಡಬ್ಬಿಗೆ ಹಾಕಿಕೊಂಡು ನೆಕ್ಕರ್ ನದಿಯ ದಂಡೆಗೆ ಹೋಗಿ ಕುಳಿತು ತಿನ್ನಿ. 1894ರಲ್ಲಿ ಕನ್ನಡಕ್ಕೆ ಮಹಾ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಅವರು 1903ರಲ್ಲಿ ಕೊನೆಯುಸಿರೆಳೆದದ್ದು ಆ ಊರಿನಲ್ಲಿಯೇ.

ಡಬ್ಬಿ ಮತ್ತು ಲೋಟದ ಅಭ್ಯಾಸಕ್ಕೆ ಆ ಊರಿನಲ್ಲಿ ಇನ್ನೊಂದು ಕಾರಣವೂ ಇದೆ. ಬಿಸಾಡುವ ಕಪ್ಪು, ತಟ್ಟೆಗಳ ಮೇಲೆ ಟ್ಯೂಬಿಂಗೆನ್ ನಗರಸಭೆ 2022ರಿಂದ ತಲಾ 50 ಸೆಂಟ್ ತೆರಿಗೆ ವಿಧಿಸುತ್ತಿದೆ, 2025ರ ಜನವರಿಯಲ್ಲಿ ಪ್ರಕಟವಾದ ತೀರ್ಪಿನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಬೇಕರಿಯ ಬ್ರೆತ್ಸೆಲ್ ರುಚಿಯಾದದ್ದೇ, ವಾರಕ್ಕೊಮ್ಮೆ ತಿನ್ನಿ. ಕಾಫಿಗೆ ಮಾತ್ರ ನಿಮ್ಮ ಲೋಟವನ್ನು ನೀವೇ ಒಯ್ಯಿರಿ.

ಕೊನೆಯ ಮೂರು ದಿನ ಬಾಣಲೆ, ಸವುಟುಗಳನ್ನೆಲ್ಲ ಹೊಸಬರಿಗೆ ಕೊಟ್ಟಿರುತ್ತೀರಿ, ಒಲೆಯನ್ನು ತೊಳೆದು ಒಪ್ಪಿಸಬೇಕಾಗಿರುತ್ತದೆ. ತೆಳು ಅವಲಕ್ಕಿಯನ್ನು ಆ ದಿನಗಳಿಗೆಂದೇ ತೆಗೆದಿಡಿ. ಮೊದಲೇ ಮಾಡಿಟ್ಟುಕೊಂಡ ಒಗ್ಗರಣೆ, ಚಟ್ನಿಪುಡಿ, ಚೂರು ಬೆಲ್ಲ, ನಿಂಬೆರಸ ಹಾಕಿ ಕೈಯಲ್ಲೇ ಕಲಸಿದರೆ ಹಚ್ಚಿದ ಅವಲಕ್ಕಿ ಸಿದ್ಧ. ಅದಕ್ಕೆ ಒಲೆಯೂ ಬೇಡ, ನೀರೂ ಬೇಡ. ಅಷ್ಟರ ಮೇಲೂ ಉಳಿಯುವ ಒಣ ಪದಾರ್ಥಗಳನ್ನು ಫುಡ್‌ಶೇರಿಂಗ್ ಕಾರ್ಯಕರ್ತರ ಹಂಚಿಕೆ ಕಪಾಟಿನಲ್ಲಿಟ್ಟು ಬನ್ನಿ. 2012ರಲ್ಲಿ ಜರ್ಮನಿಯಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಬೇಕಾದವರು ಬಂದು ಒಯ್ಯುತ್ತಾರೆ. ಪೊಟ್ಟಣದ ಹೆಸರು ಅವರಿಗೆ ಓದಲು ಬಾರದಿದ್ದರೆ ಒಂದು ಚೀಟಿಯಲ್ಲಿ ಅದೇನು, ಹೇಗೆ ಬೇಯಿಸಬೇಕು ಎಂದು ಬರೆದಂಟಿಸಿ. ಗಾಜಿನ ಜಾಡಿಯ ಮೊಸರು ಕೊಂಡಿದ್ದರೆ ಜಾಡಿಗಳನ್ನು ಹಿಂದಿರುಗಿಸಿ ಠೇವಣಿಯ 15 ಸೆಂಟ್ ಪಡೆಯುವುದನ್ನು ಮರೆಯಬೇಡಿ.

ಪ್ರಶ್ನೆ: ನನ್ನ ಮಗನೂ ಜರ್ಮನಿಯಲ್ಲಿ ಓದುತ್ತಿದ್ದಾನೆ, ಬರಲು ಒಂದೂವರೆ ತಿಂಗಳಿದೆ. ಬೆಳಿಗ್ಗೆ ಏನೂ ತಿನ್ನುವುದಿಲ್ಲವೆಂದು ಅವನ ಮಾತಿನಿಂದಲೇ ತಿಳಿಯುತ್ತದೆ. ಮನೆಯ ತುಪ್ಪದಲ್ಲಿ ಹುರಿದ ಉಪ್ಪಿಟ್ಟಿನ ರವೆ, ಪೇಡಾ ಮತ್ತು ಕರಿಬೇವನ್ನು ಅಂಚೆಯಲ್ಲಿ ಕಳಿಸಲೇ?
(ತಾಯಿ, ಶಿವಮೊಗ್ಗ)

ಉತ್ತರ: ಕಳಿಸಬೇಡಿ, ಅಮ್ಮ. ಐರೋಪ್ಯ ಒಕ್ಕೂಟದ ಹೊರಗಿನಿಂದ ಖಾಸಗಿ ಪಾರ್ಸೆಲ್‌ಗಳಲ್ಲಿ ಹಾಲಿನ ಪದಾರ್ಥಗಳನ್ನೂ ಮಾಂಸದ ಪದಾರ್ಥಗಳನ್ನೂ ತರಿಸಿಕೊಳ್ಳುವಂತಿಲ್ಲ. ಹಸಿ ಎಲೆಗಳಿಗೂ ಅಂಥದೇ ಕಟ್ಟುನಿಟ್ಟಿದೆ. ಅಷ್ಟು ಕಷ್ಟಪಟ್ಟು ಹುರಿದ ರವೆ ಸುಂಕದವರ ಕೈಸೇರಿ ನಾಶವಾಗುವುದು ನಿಮಗೂ ಬೇಡ, ಅವನಿಗೂ ಬೇಡ. ತುಪ್ಪವನ್ನು ಹೋಲುವ ಬುಟ್ಟರ್‌ಶ್ಮಾಲ್ಟ್ಸ್ ಅಲ್ಲಿಯ ಸಾಮಾನ್ಯ ಅಂಗಡಿಯಲ್ಲೇ ಸಿಗುತ್ತದೆ, ಗಟ್ಟಿ ಗೋಧಿಯ ರವೆಯೂ ಸಿಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ವಿಡಿಯೊ ಕರೆ ಮಾಡಿ, ನೀವು ಇಲ್ಲಿ ಹುರಿಯಿರಿ, ಅವನು ಅಲ್ಲಿ ಹುರಿಯಲಿ. ಅವನಿರುವಲ್ಲಿ ಬೆಳಿಗ್ಗೆ ಎಂಟು ಎಂಟೂವರೆಯಾಗುವ ಹೊತ್ತಿಗೆ ಇಲ್ಲಿ ಹನ್ನೊಂದೂವರೆ ಹನ್ನೆರಡಾಗಿರುತ್ತದೆ, ನಿಮ್ಮ ತಿಂಡಿ ಅಂದು ಸ್ವಲ್ಪ ತಡವಾಗಲಿ. ಒಟ್ಟಿಗೆ ಅರ್ಧ ಕಿಲೋ ಹುರಿದು ಡಬ್ಬಿಗೆ ಹಾಕಿಟ್ಟರೆ ವಾರವಿಡೀ ಅವನ ಕೆಲಸ ಹತ್ತು ನಿಮಿಷದ್ದು. ತಿನ್ನದೆ ಇರುವುದಕ್ಕೆ ಸೋಮಾರಿತನವೇ ಕಾರಣವೆಂದು ತಿಳಿಯಬೇಡಿ. ಪ್ರಬಂಧ ಒಪ್ಪಿಸುವ ದಿನಗಳಲ್ಲಿ ರಾತ್ರಿ ಎರಡರವರೆಗೆ ಎಚ್ಚರವಿದ್ದು ಬೆಳಿಗ್ಗೆ ಹಸಿವೇ ಆಗದ ಸ್ಥಿತಿಯನ್ನು ನಾನೂ ಕಂಡಿದ್ದೇನೆ. ಹಾಗಿದ್ದರೆ ಅವನಿಗೆ ರಾತ್ರಿ ಮಜ್ಜಿಗೆಯಲ್ಲಿ ನೆನೆಸಿಟ್ಟ ಓಟ್ಸ್ ಸಾಕು, ಎದ್ದು ಎರಡು ಗಂಟೆಯ ನಂತರ ತಿಂದರೂ ತೊಂದರೆಯಿಲ್ಲ.

ಪ್ರಶ್ನೆ: ಕಳೆದ ವರ್ಷ ಜರ್ಮನಿಯಿಂದ ಮರಳಿದೆ. ಅಲ್ಲಿನ ಕೊನೆಯ ತಿಂಗಳಲ್ಲಿ ಡಿಂಕಲ್ ಮತ್ತು ಎಮ್ಮರ್ ರವೆಗಳ ಉಪ್ಪಿಟ್ಟನ್ನು ರೂಢಿ ಮಾಡಿಕೊಂಡಿದ್ದೆ. ಧಾರವಾಡದಲ್ಲಿ ಅವು ಸಿಗುತ್ತವೆಯೇ?
(ಓದುಗ, ಧಾರವಾಡ)

ಉತ್ತರ: ಡಿಂಕಲ್‌ಗಾಗಿ ಅಲೆಯಬೇಡಿ, ಎಮ್ಮರ್ ನಿಮ್ಮ ಮನೆಯ ಬಾಗಿಲಲ್ಲೇ ಇದೆ. ನಿಮ್ಮ ಕಡೆ ಸದಕ ಅಥವಾ ಜವೆಗೋಧಿ ಎಂದು ಕರೆಯುವ ಗೋಧಿಯೇ ಅದು, ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಟ್ರಿಟಿಕಮ್ ಡೈಕೊಕಮ್ ಎಂಬ ಒಂದೇ ಹೆಸರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರೈತರು ಇದನ್ನು ತಲೆಮಾರುಗಳಿಂದ ಬೆಳೆದಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಕೊಟ್ಟಿದೆ. ಬಳಗದ ದೃಷ್ಟಿಯಿಂದ ಇದು ಡಿಂಕಲ್‌ಗಿಂತ ಡ್ಯೂರಮ್‌ಗೆ ಹತ್ತಿರ: ಡಿಂಕಲ್‌ನಲ್ಲಿ 42 ವರ್ಣತಂತುಗಳಿದ್ದರೆ ಜವೆಗೋಧಿಯಲ್ಲೂ ಡ್ಯೂರಮ್‌ನಲ್ಲೂ 28. ಉಪ್ಪಿಟ್ಟು ಉದುರುದುರಾಗಿ ಬರುವುದರಿಂದಲೇ ಆ ನಂಟು ನಿಮಗೆ ತಿಳಿದೀತು. ಗೋಧಿಯ ಅಂಟಿನ ಪ್ರೋಟೀನಾದ ಗ್ಲುಟೆನ್ ಇದರಲ್ಲೂ ಇರುವುದರಿಂದ, ಅದು ಒಗ್ಗದ ಸೀಲಿಯಾಕ್ ಕಾಯಿಲೆಯಿರುವವರಿಗೆ ಕೊಡಬಾರದು. ದಪ್ಪ ರವೆಯನ್ನು ಚೆನ್ನಾಗಿ ಹುರಿದು, ಒಂದು ಲೋಟಕ್ಕೆ ಮೂರು ಲೋಟ ನೀರಿನಿಂದ ಆರಂಭಿಸಿ, ಅಗತ್ಯ ಕಂಡರೆ ಕೊನೆಯಲ್ಲಿ ಅರ್ಧ ಲೋಟ ಬಿಸಿನೀರನ್ನು ಸೇರಿಸಿ ಮುಚ್ಚಿಡಿ.